ಕೆಂಪು ಗೆರೆ ಬೀಳದ ಸಾಲು

ಕುರ್ಚಿ ಬಿಟ್ಟುಕೊಟ್ಟವನ ಮೇಲೆ ಅವಳಿಗೆ ಸಿಟ್ಟು ಬಂತು. ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದವನು ಅವಳನ್ನು ಕಂಡದ್ದೇ ಎದ್ದು "ಕೂತ್ಕೊಳ್ಳಿ ಅಮ್ಮ" ಅಂದಿದ್ದ, ಅಷ್ಟೇ. ನಿಂತೇ ಇದ್ದರೆ ಅವನು ಇನ್ನೊಂದು ಸಲ ಹೇಳುತ್ತಾನೆ, ಆಗ ಅಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ ಎಂದು ಕೂತಳು. ಮೂವತ್ತೊಂದು ವರ್ಷ ಇದೇ ರಕ್ತಪರೀಕ್ಷೆಯ ಲ್ಯಾಬಿಗೆ ಹಿಂಬಾಗಿಲಿನಿಂದ ಹೋಗಿ ಬಂದು ಮಾಡಿದವಳು, ನಿವೃತ್ತಿಯಾದ ಮೂರನೆಯ ವರ್ಷಕ್ಕೆ ಮುಂಬಾಗಿಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಲವತ್ತಮೂರನೆಯ ನಂಬರಿನ ಚೀಟಿ ಹಿಡಿದು ಕಾಯುತ್ತಿದ್ದಳು. ಚೀಟಿ ಕೊಟ್ಟ ಕಾವಲುಗಾರ ಹೊಸಬ. "ಏನೂ ತಿಂದಿಲ್ಲ ತಾನೆ? ರಕ್ತ ಕೊಡೋಕೆ ಖಾಲಿ ಹೊಟ್ಟೆ ಇರ್ಬೇಕು" ಎಂದು ಅವಳಿಗೇ ತಿಳಿಹೇಳಿದ್ದ. ಮಧ್ಯಾಹ್ನ ಎರಡು ಗಂಟೆಗೆ ಯಾರೂ ಖಾಲಿಹೊಟ್ಟೆಯ ರಕ್ತ ಕೊಡುವುದಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. "ರಿಪೋರ್ಟ್ ತಗೊಳ್ಳೋಕೆ ಬಂದಿದ್ದೀನಿ" ಅಂದಳು. "ನಿಮ್ಮದಾ?" "ತಂಗೀದು." "ಅವರೇ ಬರ್ಬಹುದಿತ್ತಲ್ಲ, ಈ ಬಿಸಿಲಲ್ಲಿ ನೀವ್ಯಾಕೆ?" ಅವನಿಗೇನು? ತಂಗಿ ಬರುವುದಿಲ್ಲ. ಎಂಟು ವರ್ಷದಿಂದ, ಅಂದರೆ ತಂಗಿಗೆ ಥೈರಾಯ್ಡ್ ತೊಂದರೆ ಎಂದು ಗೊತ್ತಾದ ದಿನದಿಂದ, ಅವಳ ರಿಪೋರ್ಟು ಅಕ್ಕನೇ ತರುವುದು, ಅಕ್ಕನೇ ಓದುವುದು. ಅದು ಆ ಮನೆಯ ಪದ್ಧತಿ. ಇಬ್ಬರೇ ಇರುವ ಮನೆಯಲ್ಲಿ ಪದ್ಧತಿ ಎಂದರೆ ಹಿರಿಯವಳ ಮಾತು.

ಓದುವುದಕ್ಕೂ ಅವಳದೊಂದು ಕ್ರಮವಿತ್ತು. ಒಂದು ತುದಿ ಕೆಂಪು, ಒಂದು ತುದಿ ನೀಲಿ ಇರುವ ಪೆನ್ಸಿಲು, ಅರ್ಧ ಅಡಿಯ ಮರದ ಸ್ಕೇಲು. ಸ್ಕೇಲನ್ನು ಒಂದು ಸಾಲಿನ ಕೆಳಗಿಡಬೇಕು, ಸಂಖ್ಯೆ ನೋಡಬೇಕು, ಪಕ್ಕದಲ್ಲಿ ಅಚ್ಚಾಗಿರುವ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂಬ ಅಳತೆ ನೋಡಬೇಕು. ಅಳತೆ ಮೀರಿದರೆ ಕೆಂಪು ಗೆರೆ. ಮೀರದಿದ್ದರೆ ಏನೂ ಇಲ್ಲ. ಆಮೇಲೆ ಸ್ಕೇಲು ಕೆಳಗಿನ ಸಾಲಿಗೆ. ಹೀಗೆ ಲಕ್ಷ ಸಾಲು ಓದಿರಬೇಕು ಅವಳು, ಒಂದು ಸಾಲೂ ಇನ್ನೊಂದರ ಮೇಲೆ ಬಿದ್ದಿದ್ದಿಲ್ಲ. ಸಾಲಿಗೂ ಸಾಲಿಗೂ ನಂಟು ಹುಡುಕುವುದು ಡಾಕ್ಟರ ಕೆಲಸ. ಒಮ್ಮೆ ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಯಾರೋ ಬಸುರಿಗೆ ಕಿಟಕಿಯಲ್ಲೇ ರಿಪೋರ್ಟಿನ ಅರ್ಥ ಬಿಡಿಸಿ ಹೇಳುತ್ತಿದ್ದುದನ್ನು ಕಂಡು, ಎಲ್ಲರೆದುರಿಗೇ, "ನೀನು ಡಾಕ್ಟರಾ? ಕಾಗದ ಕೊಟ್ಟು ಕೈ ತೊಳ್ಕೊ. ಅರ್ಥ ಹೇಳೋಕೆ ನಿನಗೆ ಸಂಬಳ ಕೊಡ್ತಾ ಇಲ್ಲ" ಅಂದಿದ್ದಳು. ಹುಡುಗಿ ಸೂಜಿಗಳ ಪೆಟ್ಟಿಗೆಯ ಹಿಂದೆ ಹೋಗಿ ಅತ್ತಿತ್ತು. ಅಳಲಿ, ಹಾಗೇ ಕಲಿಯುವುದು ಅನ್ನಿಸಿತ್ತು ಅವಳಿಗೆ. ಈಗ ಕಿಟಕಿಯ ಹಿಂದೆ ಕೂತು ಕಾಗದ ಕೊಡುತ್ತಿರುವವಳು ಅದೇ ಹುಡುಗಿ. ಹುಡುಗಿ ಎಂದರೆ ಈಗ ಮೂವತ್ತೈದರ ಹೆಂಗಸು, ಕನ್ನಡಕ ಬಂದಿದೆ, ಕೊರಳಿಗೆ ಗುರುತಿನ ಚೀಟಿ. ತಲೆ ಎತ್ತಿದವಳು ಇವಳನ್ನು ಕಂಡು ನಕ್ಕಳು. ಆ ನಗೆಯಲ್ಲಿ ಏನೋ ಇದೆ ಎಂದುಕೊಂಡು ಇವಳು ಗೋಡೆಯ ಗಡಿಯಾರ ನೋಡಿದಳು. ಎರಡೂ ಹತ್ತು. ನಾಲ್ಕು ಗಂಟೆಗೆ ತಂಗಿ ತನ್ನ ಮಾಲೀಕನ ಕೈಗೆ ರಾಜೀನಾಮೆ ಕೊಡುತ್ತಾಳೆ. ಅದನ್ನು ನಿನ್ನೆ ಸಂಜೆ ಊಟದ ಮೇಜಿನ ಮೇಲೆ ಬರೆದುಕೊಟ್ಟವಳು ಇವಳೇ. "ಅನಾರೋಗ್ಯದ ನಿಮಿತ್ತ" ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು. ಅನಾರೋಗ್ಯ ಏನೂ ಇಲ್ಲ ಎಂದು ಐದು ತಿಂಗಳಿಂದ ಸಾಧಿಸುತ್ತಿದ್ದವಳೂ ಇವಳೇ, ಆದರೆ ಪತ್ರಕ್ಕೆ ಒಂದು ಮರ್ಯಾದೆ ಬೇಕಲ್ಲ. ಸೋಮಾರಿತನದ ನಿಮಿತ್ತ ಎಂದು ಬರೆಯಲಾಗುತ್ತದೆಯೇ?

ತಂಗಿಯನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಾರೆ. ಎನ್ನುತ್ತಾರೆ ಎಂದರೆ ಈಗ ಅನ್ನುವವಳು ಇವಳೊಬ್ಬಳೇ. ನಲವತ್ತೆಂಟು ವರ್ಷದ ಗುಬ್ಬಿ. ಅಂಗಿ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ, ಇಪ್ಪತ್ತೆರಡು ವರ್ಷದಿಂದ. ಹದಿನಾರು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಒಂದೇ ಏಟಿಗೆ ಕತ್ತರಿಸುವ ಕೈ ಅದು. ಆ ಕೈ ಕಳೆದ ತಿಂಗಳು ಬಟ್ಟೆಯ ಹೊರಮೈ, ಅವರ ಮಾತಿನಲ್ಲಿ ಮುಖ, ತಪ್ಪಿ ಹಾಸಿ, ಮೂವತ್ತೆರಡು ಅಂಗಿಗೆ ಎರಡೆರಡು ಎಡಭಾಗ ಕತ್ತರಿಸಿಟ್ಟಿತು. ಬಲಭಾಗ ಒಂದೂ ಇರಲಿಲ್ಲ. ಬಂದು ಹೇಳಿದಾಗ ಇವಳಿಗೆ ನಗು ಬಂದಿತ್ತು, ನಕ್ಕೂ ಬಿಟ್ಟಿದ್ದಳು. ಗುಬ್ಬಿ ನಗಲಿಲ್ಲ. ಚಪ್ಪಲಿಯನ್ನೂ ಬಿಚ್ಚದೆ ದಿವಾನದ ಮೇಲೆ ಉರುಳಿ ಗೋಡೆಯ ಕಡೆ ಮುಖ ಮಾಡಿದಳು. ಆ ಮಲಗುವುದನ್ನು ಕಂಡರೆ ಇವಳಿಗೆ ಮೈಯೆಲ್ಲ ಉರಿಯುತ್ತದೆ. ಹಗಲು ಹೊತ್ತು ಮಲಗಿದ ಹೆಂಗಸಿನ ಬೆನ್ನು. ಅದಕ್ಕೂ ಮೊದಲು ಇನ್ನೊಂದು ಬೆನ್ನು ಇತ್ತು, ಅಮ್ಮನದು. ಹಿಟ್ಟಿನ ಡಬ್ಬಗಳ ಪಕ್ಕದಲ್ಲಿ, ನೆಲದ ಮೇಲೆ, ಸೆರಗನ್ನೇ ಹಾಸಿಕೊಂಡು. "ಎದ್ದೇಳಮ್ಮ, ಒಲೆ ಆರಿಹೋಯ್ತು" ಎಂದು ಒಂಬತ್ತು ವರ್ಷದ ತಾನು ಹೇಳಿದರೆ, "ಐದು ನಿಮಿಷ ಕಣೇ, ಕಾಲಲ್ಲಿ ಬಲ ಇಲ್ಲ" ಎನ್ನುವ ಬೆನ್ನು. ಆ ಐದು ನಿಮಿಷದ ಲೆಕ್ಕದಲ್ಲಿ ಅನ್ನ ಮಾಡಲು ಕಲಿತವಳು ತಾನು. ಆಮೇಲೆ ಗುಬ್ಬಿ ಹುಟ್ಟಿತು, ಗುಬ್ಬಿಗೆ ಆರು ತುಂಬುವ ಮೊದಲೇ ಅಮ್ಮ ಹೋದಳು, ತಾನು ಗುಬ್ಬಿಯ ಜಡೆ ಹೆಣೆಯುತ್ತ ಓದಿ ಪಾಸಾದಳು. ಯಾರ ಮುಂದೆ ಮಲಗಬೇಕಿತ್ತು ತಾನು?

ಐದು ತಿಂಗಳ ಹಿಂದೆ ಗುಬ್ಬಿಯ ತಲೆಗೂದಲು ಬಾಚಣಿಗೆಗೆ ಗುಪ್ಪೆಗುಪ್ಪೆಯಾಗಿ ಬರತೊಡಗಿತು, ಮೂರು ಮೆಟ್ಟಿಲಿಗೆ ಏದುಸಿರು. ಆಗ ಒಂದು ಸಲ ಎಲ್ಲ ಪರೀಕ್ಷೆ ಮಾಡಿಸಿದ್ದರು. ಇವಳು ಸ್ಕೇಲಿಟ್ಟು ಓದಿದಳು. ಮಾತ್ರೆ ಸಾಲದಾದರೆ ಏರುವ ಥೈರಾಯ್ಡಿನ ಟಿ.ಎಸ್.ಎಚ್. ಎರಡೂ ಮುಕ್ಕಾಲು, ಅಳತೆಯ ಒಳಗೇ. ಹಿಮೋಗ್ಲೋಬಿನ್ ಹನ್ನೆರಡು ಚಿಲ್ಲರೆ, ಒಳಗೇ. ಫೆರಿಟಿನ್ ಹನ್ನೆರಡು, ಅಳತೆ ಹತ್ತರಿಂದ ಇನ್ನೂರು, ಅದೂ ಒಳಗೇ. ಒಂದು ಸಾಲಿಗೂ ಕೆಂಪು ಗೆರೆ ಬೀಳಲಿಲ್ಲ. "ನಿನಗೇನೂ ಆಗಿಲ್ಲ ಗುಬ್ಬಿ, ಮನಸ್ಸು ಮಾಡ್ಬೇಕು ಅಷ್ಟೆ" ಎಂದಳು. ಗುಬ್ಬಿ ರಿಪೋರ್ಟನ್ನು ತಿರುಗಿಸಿ ಬೆನ್ನುಭಾಗ ನೋಡಿದಳು, ಅಲ್ಲೇನಾದರೂ ಬರೆದಿರಬಹುದೇನೋ ಎಂಬ ಹಾಗೆ. ಮೊದಲ ಬಾರಿಗೆ ಅವಳು ಅಕ್ಕನ ಮಾತು ಮೀರಿ ಡಾಕ್ಟರ ಬಳಿ ಹೋಗೋಣ ಅಂದದ್ದು ಆವಾಗಲೇ. ಡಾಕ್ಟರು ಇನ್ನೂ ಮೀಸೆ ಕಪ್ಪಗಿರುವವನು, ಮೇಜಿನ ಮೇಲೆ ಬಾಗಿ ಮಕ್ಕಳಿಗೆ ಹೇಳುವ ಹಾಗೆ ಹೇಳಿದ: "ಹಿಮೋಗ್ಲೋಬಿನ್ ಅಂದ್ರೆ ಒಲೆ ಮೇಲಿರೋ ಅನ್ನ ಅಂತ ಇಟ್ಕೊಳ್ಳಿ. ಫೆರಿಟಿನ್ ಅಂದ್ರೆ ಉಗ್ರಾಣದಲ್ಲಿರೋ ಅಕ್ಕಿ. ಇವತ್ತಿನ ಅನ್ನ ಆಗಿದೆ ಅಂತ ಉಗ್ರಾಣ ತುಂಬಿದೆ ಅಂತಲ್ಲ. ಇವರದು ತಳ ಕಾಣ್ತಾ ಇದೆ." "ಅಳತೆ ಒಳಗೇ ಇದೆಯಲ್ಲ" ಅಂದಳು ಇವಳು. "ಅದು ಕಾಗದದ ಅಳತೆ ಮೇಡಂ. ಇವರ ಮೈಗೆ ಅದು ಸಾಲ್ತಾ ಇಲ್ಲ. ಥೈರಾಯ್ಡ್ ಇರೋರಿಗೆ ಕಬ್ಬಿಣ ಕಮ್ಮಿಯಾದ್ರೆ ಸುಸ್ತು ಇಮ್ಮಡಿ." ಮೂವತ್ತೊಂದು ವರ್ಷ ತಾನು ಸ್ಕೇಲಿಟ್ಟು ಓದಿದ ಅಳತೆಯನ್ನು ಕಾಗದದ ಅಳತೆ ಅಂದ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಗುಬ್ಬಿಯ ಮುಖದಲ್ಲಿ ಬೆಳಕಿತ್ತು. ಕಾಯಿಲೆ ಇದೆ ಅಂದದ್ದಕ್ಕೆ ಇಷ್ಟು ಖುಷಿಯೇ ಎಂದು ಇವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

"ನಲವತ್ಮೂರು."

ಎದ್ದು ಹೋಗುವಷ್ಟರಲ್ಲಿ ಕಿಟಕಿಯ ಹೆಂಗಸು ತನ್ನ ಕುರ್ಚಿಯನ್ನು ಹಿಂದೆ ತಳ್ಳಿ, ಪಕ್ಕದ ಬಾಗಿಲಿನಿಂದ ಹೊರಗೇ ಬಂದಳು. ಕೈಯಲ್ಲಿ ಕಾಗದವಿತ್ತು. "ದೊಡ್ಡ ಮೇಡಂ, ಈ ಕಡೆ ಬರ್ತೀರಾ ಒಂದ್ನಿಮಿಷ" ಎಂದು, ಕೈತೊಳೆಯುವ ಬೇಸಿನ್ನಿನ ಪಕ್ಕಕ್ಕೆ, ಯಾರ ಕಿವಿಗೂ ಬೀಳದ ಮೂಲೆಗೆ ಕರೆದುಕೊಂಡು ಹೋದಳು. ಇದೇನು ವೈಯಾರ ಎಂದುಕೊಂಡಳು ಇವಳು.

"ಹೋದ ಸಲಕ್ಕೂ ಈ ಸಲಕ್ಕೂ ತುಂಬಾ ವ್ಯತ್ಯಾಸ ಬಂದ್ರೆ ಕೇಳಿ ಬರ್ಕೋಬೇಕು ಅಂತ ಈಗ ನಿಯಮ ಇದೆ ಮೇಡಂ. ತಪ್ಪು ತಿಳ್ಕೋಬೇಡಿ. ನಿಮ್ಮ ತಂಗೀದು ಟಿ.ಎಸ್.ಎಚ್. ಎರಡೂ ಮುಕ್ಕಾಲು ಇದ್ದಿದ್ದು ಹೋದ ಸಲ ಒಂಬತ್ತಕ್ಕೆ ಹೋಗಿತ್ತು. ಮಾತ್ರೆ ಜಾಸ್ತಿ ಮಾಡಿದ್ರು ಅಲ್ವಾ?"

"ಮಾಡಿದ್ರು."

"ಈಗ ಹದಿನಾಲ್ಕೂ ಮುಕ್ಕಾಲು."

"ಎರಡು ಸಲ ಓಡ್ಸಿದ್ರಾ ಮೆಷಿನ್ನು?" ಅದು ಅವಳ ಹಳೆಯ ದನಿ.

"ಮೂರು ಸಲ. ಅಷ್ಟೇ ಬಂತು. ಫೆರಿಟಿನ್ ಮೂವತ್ನಾಲ್ಕಕ್ಕೆ ಏರಿದೆ, ಅದು ಒಳ್ಳೇದು. ಕಬ್ಬಿಣದ ಮಾತ್ರೆ ತಗೋತಿದ್ದಾರೆ ಹಾಗಾದ್ರೆ. ಯಾವ ಹೊತ್ತಿಗೆ ತಗೋತಾರೆ?"

"ಬೆಳಿಗ್ಗೆ. ಆರು ಗಂಟೆ. ಖಾಲಿ ಹೊಟ್ಟೇಲಿ."

"ಥೈರಾಯ್ಡ್‌ದು?"

"ಆರು ಗಂಟೆ."

ಹೆಂಗಸು ಕಾಗದ ನೋಡಿದಳು. ಕನ್ನಡಕ ಸರಿಮಾಡಿಕೊಂಡಳು. "ಎರಡಕ್ಕೂ ನಾಲ್ಕು ಗಂಟೆ ಅಂತರ ಇರ್ಬೇಕು ಮೇಡಂ. ಒಟ್ಟಿಗೆ ಹೋದ್ರೆ ಕಬ್ಬಿಣ ಆ ಮಾತ್ರೇನ ಹೊಟ್ಟೇಲೇ ಹಿಡ್ಕೊಂಡ್ಬಿಡುತ್ತೆ, ಮೈಗೆ ಸೇರೋಕೆ ಬಿಡಲ್ಲ. ಎಷ್ಟು ಡೋಸ್ ಏರ್ಸಿದ್ರೂ ಅಷ್ಟೇ. ನಿಮಗೆ ಗೊತ್ತಿರೋದೇ, ಅವರೇ ಮರ್ತು ತಗೊಂಡಿರ್ತಾರೆ."

ಕೊನೆಯ ಮಾತನ್ನು ಅವಳು ಬೇಕೆಂದೇ ಸೇರಿಸಿದ್ದಳು. ಸೇರಿಸಿ ಕಾಗದವನ್ನು ನಾಲ್ಕಾಗಿ ಮಡಿಸಿ, ಲಕೋಟೆಗೆ ಹಾಕಿ, ಇವಳ ಚೀಲದ ಬಾಯಿ ತೆರೆದು ತಾನೇ ಇಟ್ಟಳು. ಬೇಸಿನ್ನಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಇವಳ ಕಾಲದಲ್ಲೂ ಅದು ತೊಟ್ಟಿಕ್ಕುತ್ತಿತ್ತು. "ನಾನು ಡಾಕ್ಟರಿಗೆ ಹೇಳ್ತೀನಿ" ಎಂದು ಇವಳು ಎಂದದ್ದು ತನಗೇ ಕೇಳಿಸಲಿಲ್ಲ. ಬಾಗಿಲ ಬಳಿ ಕಾವಲುಗಾರ "ಹುಷಾರು, ಮೆಟ್ಟಿಲಿದೆ" ಎಂದು ಕೈ ಚಾಚಿದ. ಕೈ ಹಿಡಿಯದೆ ಇಳಿದಳು.

ಬಸ್ಸಿನ ನಿಲ್ದಾಣದಲ್ಲಿ ನೆರಳಿರಲಿಲ್ಲ. ಡಾಕ್ಟರು ಹೇಳಬೇಕಿತ್ತು, ಎಂಬುದು ಮೊದಲು ಬಂದ ಯೋಚನೆ. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆದರೆ ಡಾಕ್ಟರು ಬರೆದಿದ್ದ. ಥೈರಾಯ್ಡ್ ಮಾತ್ರೆಯ ಮುಂದೆ ಒಂದು, ಸೊನ್ನೆ, ಸೊನ್ನೆ. ಕಬ್ಬಿಣದ್ದರ ಮುಂದೆ ಸೊನ್ನೆ, ಒಂದು, ಸೊನ್ನೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಮಧ್ಯಾಹ್ನ ಕಾರ್ಖಾನೆಯಲ್ಲಿ ಗುಬ್ಬಿ ಮರೆಯುತ್ತಾಳೆ, ಅದೂ ಅಲ್ಲದೆ ಕಬ್ಬಿಣ ಖಾಲಿಹೊಟ್ಟೆಗೇ ಚೆನ್ನಾಗಿ ಹತ್ತುತ್ತದೆ ಎಂದು ತನಗೆ ಗೊತ್ತಿತ್ತು, ಮೀಸೆ ಬಲಿಯದವನಿಗೆ ಗೊತ್ತಿರಲಿಲ್ಲ ಎಂದು ತಾನು ತೀರ್ಮಾನಿಸಿದ್ದಳು. ಅರ್ಧ ಗೊತ್ತಿರುವುದು ಏನೂ ಗೊತ್ತಿಲ್ಲದ್ದಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ. ಸಕ್ಕರೆ ಡಬ್ಬದ ಮುಚ್ಚಳವನ್ನು ತೊಳೆದು ಒರೆಸಿ, ಅದರಲ್ಲಿ ಬಿಳಿಯದೊಂದು ಕೆಂಪನೆಯದೊಂದು ಅಕ್ಕಪಕ್ಕ ಇಟ್ಟು, ಉಗುರುಬೆಚ್ಚಗಿನ ನೀರಿನ ಲೋಟದ ಜೊತೆ ಗುಬ್ಬಿಯ ತಲೆದಿಂಬಿನ ಹತ್ತಿರ ಇಡುವುದು. ಐದು ತಿಂಗಳು, ಒಂದು ದಿನ ತಪ್ಪಿಲ್ಲ. ತನಗೆ ಜ್ವರ ಬಂದಿದ್ದ ದಿನವೂ. ಹೋದ ಸಲ ಡಾಕ್ಟರು "ಮಾತ್ರೆ ಸರಿಯಾಗಿ ತಗೋತೀರಾ?" ಎಂದು ಗುಬ್ಬಿಯನ್ನು ಕೇಳಿದಾಗ ಉತ್ತರ ಕೊಟ್ಟವಳು ತಾನು: "ನನ್ನ ಕೈಯಾರೆ ಕೊಡ್ತೀನಿ. ಅದರಲ್ಲಿ ಎರಡು ಮಾತಿಲ್ಲ." ಅವನು ಮತ್ತೇನೂ ಕೇಳಲಿಲ್ಲ. ಡೋಸು ಏರಿಸಿದ. ಕಬ್ಬಿಣವೂ ನಡೀತಿದೆ, ಥೈರಾಯ್ಡೂ ನಡೀತಿದೆ, ಆದರೂ ಎದ್ದು ಕೂರಲ್ಲ ಅಂದರೆ ಮೈಗಳ್ಳತನ ಅಲ್ಲದೆ ಇನ್ನೇನು ಎಂದು ಗುಬ್ಬಿಗೆ ಅಂದು ಎಷ್ಟು ಸುಲಭವಾಗಿ ಹೇಳಿಬಿಟ್ಟಳು. ಗುಬ್ಬಿ ಅದಕ್ಕೂ, "ಇರ್ಬಹುದು ಕಣೇ ಅಕ್ಕ" ಅಂದಿದ್ದಳು.

ಬಸ್ಸು ಬಂತು. ಕೂರಲು ಜಾಗ ಸಿಕ್ಕಿತು, ಯಾರೂ ಎದ್ದು ಕೊಟ್ಟದ್ದಲ್ಲ, ಅಷ್ಟು ಸಮಾಧಾನ. ಕೂತ ಮೇಲೆ ಎರಡನೆಯ ಯೋಚನೆ ಬಂತು, ತಣ್ಣಗೆ, ಬಹಳ ಅಚ್ಚುಕಟ್ಟಾಗಿ. ಯಾರಿಗೂ ಹೇಳಬೇಕಾಗಿಲ್ಲ. ನಾಳೆಯಿಂದ ಕೆಂಪು ಮಾತ್ರೆಯನ್ನು ಮಧ್ಯಾಹ್ನದ ಡಬ್ಬಿಗೆ ಹಾಕಿದರಾಯಿತು. ಯಾಕೆ ಅಂದರೆ, ಹೊಟ್ಟೆ ಉರಿಯುತ್ತೆ ಅದಕ್ಕೆ ಅಂದರಾಯಿತು. ಆರೆಂಟು ವಾರದಲ್ಲಿ ಹದಿನಾಲ್ಕು ಇಳಿದು ಮೂರಾಗುತ್ತದೆ, ಡಾಕ್ಟರು ತನ್ನ ಡೋಸಿನ ಫಲ ಅಂದುಕೊಳ್ಳುತ್ತಾನೆ, ಗುಬ್ಬಿ ಅಕ್ಕನ ಆರೈಕೆಯ ಫಲ ಅಂದುಕೊಳ್ಳುತ್ತಾಳೆ. ಯಾವ ಸಾಲಿಗೂ ಕೆಂಪು ಗೆರೆ ಇರುವುದಿಲ್ಲ. ಲ್ಯಾಬಿನ ಹೆಂಗಸು ಬಾಯಿಬಿಡುವವಳಲ್ಲ, ಮೂಲೆಗೆ ಕರೆದುಕೊಂಡು ಹೋಗಿ ಹೇಳಿದವಳು. ಇದರಲ್ಲಿ ಒಂದೇ ಒಂದು ತೊಡಕು. ನಾಲ್ಕು ಗಂಟೆ. ಅಷ್ಟರೊಳಗೆ ಪತ್ರ ಕೈ ಬದಲಾಯಿಸುತ್ತದೆ, ಇಪ್ಪತ್ತೆರಡು ವರ್ಷದ ಮೇಜು ಇನ್ನೊಬ್ಬರದಾಗುತ್ತದೆ, ಮೈ ಸರಿಹೋದ ಗುಬ್ಬಿ ಮನೆಯಲ್ಲಿ ಇವಳ ಎದುರಿಗೆ ಕೂತಿರುತ್ತಾಳೆ, ಬೆಳಗಿನಿಂದ ಸಂಜೆಯವರೆಗೆ, ಏನೂ ಕತ್ತರಿಸಲು ಇಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಅದು ತನಗೆ ಬೇಕಾಗಿತ್ತೇ? ಈ ಪ್ರಶ್ನೆ ಎಲ್ಲಿಂದ ಬಂತೋ ತಿಳಿಯಲಿಲ್ಲ. ನಿವೃತ್ತಿಯಾದಂದಿನಿಂದ ಹಗಲಿಡೀ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳುತ್ತ ಕೂತಿರುವವಳಿಗೆ, ಗುಬ್ಬಿ ಕೆಲಸ ಬಿಡಲಿ ಅನ್ನಿಸಿದ್ದು ಬರೀ ಗುಬ್ಬಿಯ ಸಲುವಾಗಿಯೇ? ಪತ್ರ ಬರೆಯುವಾಗ ಕೈ ಎಷ್ಟು ಸರಾಗವಾಗಿ ಓಡಿತ್ತು.

ಮನೆಗಿಂತ ಮೊದಲು ಸಿಗುವ ಕಾರ್ಖಾನೆಯ ನಿಲ್ದಾಣ ಬಂದಾಗ ಅವಳು ಗುಬ್ಬಿಯ ಚೀಲದಲ್ಲಿ ಕಂಡ ಬಣ್ಣದ ಸೀಮೆಸುಣ್ಣವನ್ನು ನೆನೆಯುತ್ತಿದ್ದಳು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ. ಮೂರು ತುಂಡು, ಮೂರರ ಅಂಚಿಗೂ ಹಲ್ಲಿನ ಗುರುತು. "ಇದೇನು ಗುಬ್ಬಿ, ಮಗು ಬುದ್ಧಿ?" ಎಂದು ಕೇಳಿದ್ದಕ್ಕೆ ಗುಬ್ಬಿ ಕಿವಿಯವರೆಗೆ ಕೆಂಪಾಗಿ, "ತಿನ್ನಬೇಕು ಅನ್ಸುತ್ತೆ, ತಡಿಯೋಕಾಗಲ್ಲ" ಅಂದಿದ್ದಳು. ಡಾಕ್ಟರ ಹತ್ತಿರ ಅದನ್ನು ಹೇಳಬೇಡ, ಮರ್ಯಾದೆ ಹೋಗುತ್ತೆ ಎಂದಳು ಅಕ್ಕ. ಆ ಹಲ್ಲಿನ ಗುರುತನ್ನು ಅವಳು ಮೊದಲು ನೋಡಿದ್ದು ಅಲ್ಲಲ್ಲ. ಮೂರನೇ ಕ್ಲಾಸಿನಲ್ಲಿ, ತನ್ನ ಬಳಪದ ಮೇಲೆ. ದಿನಾ ಬಳಪ ಕಳೆಯುತ್ತದೆ ಎಂದು ಮಾಸ್ತರು ಕೈಗೆ ಹೊಡೆದ ವಾರ.

ಕಾರ್ಖಾನೆ ಪಾತ್ರೆ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು. ಮೂರೂ ಕಾಲು. ಇಪ್ಪತ್ತೆರಡು ವರ್ಷದಲ್ಲಿ ಅವಳು ಇಲ್ಲಿಗೆ ಬಂದದ್ದು ಎರಡು ಸಲ, ಎರಡು ಸಲವೂ ಬಾಗಿಲಲ್ಲೇ ನಿಂತು ಗುಬ್ಬಿಯನ್ನು ಕರೆದಿದ್ದಳು. ಒಳಗೆ ಎಂಟು ಹೊಲಿಗೆ ಯಂತ್ರ ಒಟ್ಟಿಗೆ ಓಡುತ್ತಿದ್ದವು. ಬಾಗಿಲ ಹತ್ತಿರ ಬರೀ ಕಾಲರು ಹೊಲಿಯುವ ಮುದುಕ, ದಾರ ಕಚ್ಚಿ ಕತ್ತರಿಸುತ್ತ ಅವಳನ್ನು ಕಂಡು ಒಳಗೆ ಕೂಗಿದ: "ಗುಬ್ಬೀ, ನಿಮ್ಮನೆ ಹದ್ದು ಬಂದಿದೆ." ಯಂತ್ರಗಳ ಮೇಲೆ ಬಾಗಿದ್ದ ಬೆನ್ನುಗಳು ನಕ್ಕವು. ಹದ್ದು. ಇಪ್ಪತ್ತೆರಡು ವರ್ಷದಿಂದ ಇದೇ ಹೆಸರಿರಬೇಕು, ಗುಬ್ಬಿ ಒಮ್ಮೆಯೂ ಹೇಳಿರಲಿಲ್ಲ. ತನ್ನ ಮನೆಯ ಹೆಸರನ್ನು ಮಾತ್ರ ಇವರಿಗೆ ಹೇಳಿದ್ದಾಳೆ. ಉದ್ದನೆಯ ಮೇಜಿನ ಕೊನೆಯಲ್ಲಿ ಗುಬ್ಬಿ ಎರಡೂ ಕೈ ಊರಿಕೊಂಡು ನಿಂತಿದ್ದಳು, ನಿಲ್ಲಲು ಮೇಜೇ ಬೇಕಾದವರ ಹಾಗೆ. ಮಾಲೀಕ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸುತ್ತಿದ್ದ. ಅವನ ಮುಂದೆ, ಕತ್ತರಿಯ ಅಡಿಯಲ್ಲಿ, ಇವಳು ನಿನ್ನೆ ಅಂಟಿಸಿದ ಲಕೋಟೆ ಇತ್ತು. ನಾಲ್ಕಕ್ಕೆ ಕಾಯದೆ ಆಗಲೇ ಕೊಟ್ಟುಬಿಟ್ಟಿದ್ದಾಳೆ.

"ಬನ್ನಿ ಅಕ್ಕೋರೆ. ಏನ್ ಇಷ್ಟು ದೂರ?" ಎಂದ ಮಾಲೀಕ.

ಬೇರೆ ಯಾರಾದರೂ ಆಗಿದ್ದರೆ ಅವನನ್ನು ಪಕ್ಕಕ್ಕೆ ಕರೆಯುತ್ತಿದ್ದರು. ಅವಳಿಗೆ ಅದು ಹೊಳೆಯಲಿಲ್ಲ. ನಿಂತಲ್ಲಿಂದಲೇ, ಯಂತ್ರದ ಸದ್ದನ್ನು ಮೀರಿಸುವ ದನಿಯಲ್ಲಿ, ರಿಪೋರ್ಟು ಓದುವ ಹಾಗೆ ಹೇಳಿದಳು: "ಆ ಪತ್ರ ತಗೋಬೇಡಿ. ಅವಳ ಸುಸ್ತು ಸೋಮಾರಿತನ ಅಲ್ಲ. ಡಾಕ್ಟರು ಬೆಳಿಗ್ಗೆ ಒಂದು ಮಾತ್ರೆ, ಮಧ್ಯಾಹ್ನ ಒಂದು ಮಾತ್ರೆ ಅಂತ ಬರ್ದಿದ್ರು. ನಾನು ಎರಡನ್ನೂ ಒಟ್ಟಿಗೆ ಕೊಟ್ಟೆ. ಒಂದು ಇನ್ನೊಂದನ್ನ ಕೆಲಸ ಮಾಡೋಕೆ ಬಿಡ್ಲಿಲ್ಲ. ಐದು ತಿಂಗಳು ಅವಳಿಗೆ ಥೈರಾಯ್ಡ್ ಮಾತ್ರೆ ಸೇರ್ಲೇ ಇಲ್ಲ. ತಪ್ಪು ನಂದು."

ಒಂದೊಂದೇ ಯಂತ್ರ ನಿಂತಿತು. ಕಾಲರಿನ ಮುದುಕನ ಬಾಯಲ್ಲಿ ದಾರ ಹಾಗೇ ಇತ್ತು. ಗುಬ್ಬಿ ತಲೆ ಎತ್ತಲಿಲ್ಲ.

"ಅದೆಲ್ಲ ನನಗೆ ತಿಳಿಯಲ್ಲ ಅಕ್ಕೋರೆ" ಎಂದ ಮಾಲೀಕ, ಗುಂಡಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ. "ನನಗೆ ತಿಳಿಯೋದು ಅಂಗಿ. ಮೂವತ್ತೆರಡು ಅಂಗಿಗೆ ಬಲಗಡೆ ಇಲ್ಲ. ಅದಕ್ಕೇನ್ ಮಾತ್ರೆ ಕೊಡ್ತೀರಿ?"

ಯಾರೋ ನಕ್ಕರು. ಅವಳು ಅಲ್ಲೇ ನಿಂತಳು.

"ಸರಿ ಹೋಗೋಕೆ ಎಷ್ಟು ದಿನ?"

"ಆರು ವಾರ. ಎಂಟು ಅನ್ನಿ."

ಅವನು ಗುಂಡಿಯನ್ನು ಬಿಳಿಯ ಗುಂಪಿಗೆ ಹಾಕಿದ, ತೆಗೆದು ಕೆನೆಬಣ್ಣದ ಗುಂಪಿಗೆ ಹಾಕಿದ. "ಎಂಟು ವಾರ ಅವಳು ಹಾಸಿದ್ದನ್ನ ತಾತ ಒಂದ್ಸಲ ನೋಡ್ಲಿ. ಆಮೇಲೆ ಕತ್ತರಿ. ಏನ್ ತಾತ?"

"ನನ್ನ ಕಣ್ಣೇ ಇನ್ನೊಬ್ಬರು ನೋಡ್ಬೇಕು" ಎಂದ ಮುದುಕ. "ನೋಡ್ತೀನಿ ಬಿಡಿ."

"ಇದನ್ನ ತಗೊಂಡ್ಹೋಗಿ." ಮಾಲೀಕ ಕತ್ತರಿಯ ಅಡಿಯಿಂದ ಲಕೋಟೆ ಎಳೆದು ಚಾಚಿದ. "ಕೆಲಸದ ಗಡಿಬಿಡೀಲಿ ನಾನಿನ್ನೂ ಒಡೆದೇ ಇಲ್ಲ."

ಲಕೋಟೆಯ ಅಂಚನ್ನು ಕತ್ತರಿಯಿಂದ ಸೀಳಲಾಗಿತ್ತು, ಒಂದು ಎಳೆಯೂ ಆಚೀಚೆಯಾಗದ ಹಾಗೆ. ಒಳಗಿನ ಕಾಗದ ಅವಳು ಮಡಿಸಿದ ಮಡಿಕೆಯಲ್ಲಿ ಇರಲಿಲ್ಲ. ಮೂವತ್ತೊಂದು ವರ್ಷ ಅಂಥದ್ದನ್ನು ಕಂಡು ಬಾಯಿಮುಚ್ಚಿಕೊಂಡಿದ್ದವಳಲ್ಲ ಅವಳು. ಲಕೋಟೆಯನ್ನು ಚೀಲಕ್ಕೆ ಹಾಕಿ, "ಬರ್ತೀನಿ" ಅಂದಳು.

ಮೆಟ್ಟಿಲಿನ ಅರ್ಧದಲ್ಲಿ ಗುಬ್ಬಿ ಹಿಂದಿನಿಂದ ಬಂದಳು. ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು. ಇವಳು ತಿರುಗಿದಳು. ಕೃತಜ್ಞತೆ ಎಂಬುದನ್ನು ಅವಳು ಆಶಿಸಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

"ಅಲ್ಲಿ ಯಾಕೆ ಹೇಳ್ದೆ?"

"ನಾಲ್ಕು ಗಂಟೆ ಆಗ್ಬಿಡ್ತಿತ್ತು..."

"ಕರೆದಿದ್ರೆ ಹೊರಗೆ ಬರ್ತಿದ್ದೆ. ಈಗ ನನ್ನ ಮಾತ್ರೆ, ನನ್ನ ಕಾಯಿಲೆ, ಎಲ್ಲ ಅವರ ಬಾಯಲ್ಲಿ. ಎಂಟು ವಾರ ತಾತ ನನ್ನ ಕೆಲಸ ನೋಡ್ಬೇಕು, ನಾನು ನೆನ್ನೆ ಸೇರಿದೋಳ ಹಾಗೆ." ಗುಬ್ಬಿಯ ದನಿ ಏರಲಿಲ್ಲ, ಏರಲು ಉಸಿರು ಸಾಲದು. "ತಪ್ಪು ಒಪ್ಕೊಳ್ಳೋಕೂ ನಿನಗೆ ಜನ ಸೇರ್ಬೇಕು ಅಕ್ಕ."

ಕೆಳಗೆ ಪಾತ್ರೆ ಅಂಗಡಿಯಲ್ಲಿ ಯಾರೋ ಕೊಡವನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಗುಬ್ಬಿಯ ತುಟಿಯ ಮೂಲೆಯಲ್ಲಿ ಬಿಳಿಯ ಪುಡಿ ಇತ್ತು. ಇವಳಿಗೆ ನೆನಪಾದದ್ದು ಲ್ಯಾಬಿನ ಬೇಸಿನ್ನಿನ ಪಕ್ಕದ ಆ ಮೂಲೆ, ತಗ್ಗಿಸಿದ ದನಿ, ಅವರೇ ಮರ್ತು ತಗೊಂಡಿರ್ತಾರೆ ಎಂಬ ಮಾತು. ಅದು ವೈಯಾರವಲ್ಲ, ತನ್ನ ಮಾನವನ್ನು ಅವಳು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟಿದ್ದಳು. ಎಂದೋ ಸೂಜಿಗಳ ಪೆಟ್ಟಿಗೆಯ ಹಿಂದೆ ಅತ್ತವಳು.

"ಸುಣ್ಣ ಇನ್ನೂ ತಿಂತೀಯಾ?" ಎಂದಳು ಇವಳು. ಈಗ ದನಿ ತಾನಾಗಿ ತಗ್ಗಿತ್ತು.

"ಕಮ್ಮಿ ಆಗಿದೆ. ಇವತ್ತು ಪತ್ರ ಕೊಡೋವಾಗ ಒಂಚೂರು."

"ಅದು ಕಬ್ಬಿಣ ಕಮ್ಮಿ ಇದ್ರೆ ಆಗೋದು. ಆಸೆ ಅಲ್ಲ, ರೋಗದ ಲಕ್ಷಣ. ಪುಸ್ತಕದಲ್ಲಿ ಓದಿ ಪರೀಕ್ಷೆ ಬರ್ದಿದ್ದೆ ನಾನು." ಮೆಟ್ಟಿಲಿನ ಕಂಬಿಯನ್ನು ಹಿಡಿದಳು. "ಅಮ್ಮ ಬಳಪ ತಿಂತಿದ್ಲು, ಗುಬ್ಬಿ. ನನ್ನ ಬಳಪ. ನೀನಿನ್ನೂ ಹುಟ್ಟಿರಲಿಲ್ಲ. ಡಬ್ಬಗಳ ಹಿಂದೆ ಕೂತು ತಿನ್ನೋವಾಗ ಹಿಡಿದು, ಮನೆ ತುಂಬ ನೆಂಟರಿದ್ರು, ಅವರ ಮಧ್ಯೆ ಎಳೆದುತಂದು ಹೇಳ್ದೆ. ಅಮ್ಮ ಕಳ್ಳಿ, ಬಳಪದ ಕಳ್ಳಿ ಅಂತ. ಎಲ್ಲರೂ ನಕ್ರು. ಹಲ್ಲೆಲ್ಲ ಬೆಳ್ಳಗಿತ್ತು, ಅವಳೂ ನಕ್ಕಳು."

ಗುಬ್ಬಿ ಗೋಡೆಗೆ ಒರಗಿದಳು. "ಆಮೇಲೆ ಏನಂದ್ಲು?"

"ಏನೂ ಅನ್ಲಿಲ್ಲ. ಮಾರನೇ ದಿನ ನನ್ನ ಚೀಲದಲ್ಲಿ ಒಂದು ಡಜನ್ ಹೊಸ ಬಳಪ ಇತ್ತು."

ಗುಬ್ಬಿ ಬೆರಳಿನಿಂದ ತುಟಿಯ ಮೂಲೆ ಒರೆಸಿಕೊಂಡಳು. ಮೇಲೆ ಯಂತ್ರಗಳು ಮತ್ತೆ ಶುರುವಾಗಿದ್ದವು. "ನಾಳೆಯಿಂದ ಆ ಮುಚ್ಚಳ ಬೇಡ" ಅಂದಳು. "ನನ್ನ ಮಾತ್ರೆ ನಾನೇ ತಗೋತೀನಿ. ರಿಪೋರ್ಟೂ ಇಲ್ಲಿ ಕೊಡು."

"ಮರೀತೀಯ."

"ಮರೀಲಿ ಬಿಡು. ನಂದೇ ಮರೆವು."

ರಿಪೋರ್ಟಿನ ಲಕೋಟೆ ಕೊಟ್ಟಳು. ಗುಬ್ಬಿ ಅದನ್ನು ಕುಪ್ಪಸದೊಳಗೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು, ಮೇಲೆ ಹೋದಳು. ಒಂಬತ್ತು ಮೆಟ್ಟಿಲಿಗೆ ನಾಲ್ಕು ಸಲ ನಿಂತಳು. ಕೈ ಕೊಡಲು ಅಕ್ಕ ಹೋಗಲಿಲ್ಲ, ಎಣಿಸಿದಳು.

ಮರುದಿನ ಆರಕ್ಕೆ ಎಂದಿನಂತೆ ಎಚ್ಚರವಾಯಿತು. ಮಲಗಿದಲ್ಲಿಂದಲೇ ಆಚೆ ಕೋಣೆಯಲ್ಲಿ ಗುಬ್ಬಿ ಸೀಸೆಯ ಬಿರಡೆ ತಿರುಗಿಸುವುದು ಕೇಳಿಸಿತು, ನೀರು ಬಗ್ಗಿಸುವುದು ಕೇಳಿಸಿತು. ಎಷ್ಟು ಮಾತ್ರೆ ಎಂಬುದು ಕೇಳಿಸುವುದಿಲ್ಲ. ಸಕ್ಕರೆ ಡಬ್ಬಕ್ಕೆ ಇಷ್ಟು ದಿನ ತಟ್ಟೆ ಮುಚ್ಚಿತ್ತು. ತಟ್ಟೆ ತೆಗೆದು ಮುಚ್ಚಳ ಹಾಕಿದಳು. ಇರುವೆ ಮುತ್ತಿದ್ದವು. ಗುಬ್ಬಿ ಮಾತಿಲ್ಲದೆ ತಿಂದು, ಮಾತಿಲ್ಲದೆ ಹೋದಳು. ಹತ್ತು ಗಂಟೆಗೆ ಇವಳು ಕೆಂಪುನೀಲಿ ಪೆನ್ಸಿಲನ್ನು ಹೆರೆದಳು, ಓದಲು ಏನೂ ಇರಲಿಲ್ಲ. ಹನ್ನೆರಡಕ್ಕೆ ಫೋನಿನ ಪಕ್ಕ ಕೂತಳು. ಒಂದು ಗಂಟೆಗೆ ಕಾರ್ಖಾನೆಯಲ್ಲಿ ಊಟದ ಬಿಡುವು. ನಂಬರು ಬಾಯಿಪಾಠವಿತ್ತು, ನೆನಪು ಮಾಡಿದರೆ ಏನು ತಪ್ಪು, ಒಂದೇ ಮಾತು, ಮಾತ್ರೆ ಅಂತ. ಕೈಯನ್ನು ತೊಡೆಯ ಅಡಿಗೆ ಹಾಕಿಕೊಂಡು ಅದರ ಮೇಲೆ ಕೂತಳು. ಫ್ರಿಜ್ಜು ನಡುಗಿ ನಿಂತಿತು. ಒಂದೂ ಹತ್ತು. ಒಂದೂ ಕಾಲು. ಮರೆತಳು, ಖಂಡಿತ ಮರೆತಳು ಎಂದು ಒಂದು ಬಗೆಯ ಸಂತೋಷವೂ ಆಗತೊಡಗಿದಾಗ ಫೋನು ಬಡಿದುಕೊಂಡಿತು.

"ನುಂಗ್ದೆ" ಎಂದಳು ಗುಬ್ಬಿ.

ಮತ್ತೇನಾದರೂ ಹೇಳುತ್ತಾಳೆಂದು ಇವಳು ಕಾದಳು. ಗುಬ್ಬಿ ಫೋನನ್ನು ಕಡಿಯದೆ ತನ್ನ ಮೇಜಿನ ಮೇಲೆ ಹಾಗೇ ಇಟ್ಟಿರಬೇಕು. "ಮುಖ ಸರಿಯಾಗಿದೆ, ಕತ್ತರ್ಸು" ಎಂದು ದೂರದಲ್ಲಿ ಮುದುಕ ಹೇಳಿದ್ದು ಕೇಳಿಸಿತು. ಆಮೇಲೆ ಹದಿನಾರು ಪದರ ಬಟ್ಟೆಯೊಳಗೆ ಕತ್ತರಿ ಹೊಕ್ಕ ಸದ್ದು. ಅದು ನಿಲ್ಲುವವರೆಗೂ ಅವಳು ಫೋನು ಕಿವಿಯಿಂದ ತೆಗೆಯಲಿಲ್ಲ.